ಹೊಸಹಳ್ಳಿಯಿಂದ ವೀರನಹೊಸಹಳ್ಳಿಗೆ, ಅಲ್ಲಿಂದ ಮಾರಾಕ್ಕೆ

ಆಫ್ರಿಕಾ ಸಫಾರಿಗೆ ಟಿಕೆಟ್ ಕಾದಿರಿಸಿದವರು ಕೇಳುವ ಮೊದಲ ಪ್ರಶ್ನೆ, ‘ಯಾವ ಲೆನ್ಸ್ ತಗೊಳ್ಳಲಿ?’ ಎರಡನೆಯದು, ‘ಅಷ್ಟು ದುಡ್ಡು ಹಾಕೋ ಬದಲು ಬಾಡಿಗೆಗೆ ಸಿಗುತ್ತಾ?’ ಎರಡೂ ನ್ಯಾಯವಾದ ಪ್ರಶ್ನೆಗಳೇ. ಆದರೆ ಕೆನ್ಯಾದ ಮಸಾಯಿ ಮಾರಾದಿಂದ ಸಾವಿರಾರು ಚಿತ್ರ ಹೊತ್ತು ತಂದು, ಗೋಡೆಗೆ ಹಾಕುವಂಥದ್ದು ನಾಲ್ಕೂ ಸಿಗದೆ ಪೇಚಾಡುವವರ ತೊಂದರೆ ಸಾಮಾನ್ಯವಾಗಿ ಲೆನ್ಸಿನದ್ದಾಗಿರುವುದಿಲ್ಲ. ಚೀತಾ ಓಟ ಕಿತ್ತ ಗಳಿಗೆಯಲ್ಲಿ ಶಟರ್ ವೇಗದ ಚಕ್ರ ಯಾವ ಬೆರಳಿನಡಿ ಇದೆಯೆಂದು ಅವರು ತಡಕಾಡುತ್ತಿರುತ್ತಾರೆ. ಹೊಸ ಕ್ಯಾಮೆರಾದ ಪೆಟ್ಟಿಗೆಯನ್ನು ನೈರೋಬಿಯ ಹೋಟೆಲಿನಲ್ಲಿ ಬಿಚ್ಚುವವರೂ ಇದ್ದಾರೆ.

ಹೊಸಹಳ್ಳಿ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಕಡೆಯವರಿಗೆ ಈ ವಿಷಯದಲ್ಲಿ ಒಂದು ಅನುಕೂಲವಿದೆ. ಮೈಸೂರು ರಸ್ತೆ ನಮ್ಮ ಬಾಗಿಲಲ್ಲೇ ಇದೆ. ಜ್ಞಾನಭಾರತಿಯ ಮರಗಳು, ಕೊಕ್ಕರೆ ಬೆಳ್ಳೂರಿನ ಹುಣಸೆಗಳು, ರಂಗನತಿಟ್ಟಿನ ನಡುಗಡ್ಡೆಗಳು, ಆಮೇಲೆ ನಾಗರಹೊಳೆ, ಬಂಡೀಪುರ ಎಲ್ಲವೂ ಆ ಒಂದೇ ದಿಕ್ಕಿನಲ್ಲಿ, ಒಂದನೇ ತರಗತಿಯಿಂದ ಮೇಲಿನ ತರಗತಿಗೆ ಏರುವ ಹಾಗೆ ಸಾಲಾಗಿ ಬರುತ್ತವೆ. ಆಫ್ರಿಕಾದ ಆಸೆ ಇಟ್ಟುಕೊಂಡವರು ಮೊದಲು ಈ ಸಾಲನ್ನು ಮುಗಿಸಲಿ. ಮಾರಾದ ಬಯಲಿನಲ್ಲಿ ಬೆಳಕು ಧಾರಾಳ, ಅಡ್ಡ ಬರುವ ಪೊದೆ ಕಡಿಮೆ, ಸಿಂಹ ಕಂಡರೆ ಅರ್ಧ ಗಂಟೆ ಕಣ್ಣೆದುರೇ ಇರುತ್ತದೆ. ನಮ್ಮ ಕಾಡಿನಲ್ಲಿ ಇವು ಮೂರೂ ಇಲ್ಲ. ಕಬಿನಿಯ ಮುಸ್ಸಂಜೆಯಲ್ಲಿ ಚಿರತೆಯನ್ನು ಅಲುಗಾಡದಂತೆ ತೆಗೆದ ಕೈಗೆ ಮಾರಾ ಕಷ್ಟವಲ್ಲ.

ನೇರಳೆ ಮಾರ್ಗದ ಹಕ್ಕಿಗಳು

ಹೊಸಹಳ್ಳಿ ನಿಲ್ದಾಣದಲ್ಲಿ ಚಲ್ಲಘಟ್ಟದ ಕಡೆ ಹೋಗುವ ಮೆಟ್ರೊ ಹತ್ತಿದರೆ ಸ್ವಲ್ಪ ಹೊತ್ತಿಗೆ ಜ್ಞಾನಭಾರತಿ. 2021ರಲ್ಲಿ ಕೆಂಗೇರಿವರೆಗೆ ರೈಲು ಬಂದ ಮೇಲೆ ಈ ದಾರಿ ಸಲೀಸಾಗಿದೆ. ಬೆಂಗಳೂರು ವಿಶ್ವವಿದ್ಯಾಲಯದ ಕ್ಯಾಂಪಸ್ ಸಾವಿರ ಎಕರೆಗೂ ಹೆಚ್ಚು. ಅದರಾಚೆಗೆ ಮಲ್ಲತ್ತಹಳ್ಳಿ ಕೆರೆ, ಇನ್ನೂ ಮುಂದೆ ಹೋದರೆ ಕೆಂಗೇರಿ ಕೆರೆ. ಭಾನುವಾರ ಮಾತ್ರ ಮೆಟ್ರೊ ತಡವಾಗಿ ಶುರುವಾಗುತ್ತದೆ. ಹಕ್ಕಿಗಳಿಗೆ ಭಾನುವಾರವಿಲ್ಲವಾದ್ದರಿಂದ ಅಂದು ಸ್ಕೂಟರೇ ಗತಿ.

ಇಲ್ಲಿ ಅಪರೂಪದ ಹಕ್ಕಿ ಹುಡುಕಬೇಡಿ. ಪಿಕಳಾರ, ಮಡಿವಾಳ, ಕಳ್ಳಿಪೀರ, ಮಿಂಚುಳ್ಳಿ, ಟಿಟ್ಟಿಭ, ಬೆಳ್ಳಕ್ಕಿ, ನೀರುಕಾಗೆ, ನಾಮದ ಕೋಳಿ ಸಾಕು. ಕಲಿಯಬೇಕಾದದ್ದು ಮೂರು ಸಂಗತಿ. ಅವನ್ನು ಕಲಿಸಲು ಈ ಹಕ್ಕಿಗಳಿಗಿಂತ ಒಳ್ಳೆಯ ಮೇಷ್ಟ್ರಿಲ್ಲ.

ಮೊದಲನೆಯದು ಬೆಳಕಿನ ಲೆಕ್ಕ. ಕ್ಯಾಮೆರಾದ ಮೀಟರ್ ಎದುರಿಗಿರುವುದೆಲ್ಲವೂ ನಡುಬೂದು ಬಣ್ಣದ್ದು ಎಂದು ನಂಬಿಕೊಂಡಿರುತ್ತದೆ. ಕರಿ ನಾಮದ ಕೋಳಿ ಚೌಕಟ್ಟನ್ನು ತುಂಬಿದರೆ ಅದನ್ನು ಬೆಳಗಿಸಿ ಬೂದಿ ಮಾಡುತ್ತದೆ. ಬೆಳ್ಳಕ್ಕಿ ತುಂಬಿದರೆ ಕಂದಿಸುತ್ತದೆ. ಹಾಗಾಗಿ ಕಪ್ಪಿಗೆ ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಕಳೆಯಿರಿ, ಬಿಳಿಗೆ ಕೂಡಿಸಿ. ಇದರಲ್ಲೊಂದು ತಿರುವಿದೆ. ಬೆಳ್ಳಕ್ಕಿ ಚಿಕ್ಕದಾಗಿ, ಹಿಂದೆ ಕಪ್ಪು ನೀರೋ ಮರದ ನೆರಳೋ ಇದ್ದರೆ ಲೆಕ್ಕ ಉಲ್ಟಾ. ಮೀಟರ್ ಆ ಕಪ್ಪನ್ನು ನೋಡಿ ಬೆಳಗಿಸಲು ಹೋಗಿ ಹಕ್ಕಿಯ ಗರಿಗಳನ್ನೆಲ್ಲ ಸುಣ್ಣ ಬಳಿದಂತೆ ಮಾಡಿಬಿಡುತ್ತದೆ. ಅಲ್ಲಿ ಕಳೆಯಬೇಕು. ಇನ್ನು ಬಿಳಿ ಮುಗಿಲಿನ ಎದುರು ಹದ್ದು ಹಾರಿದರೆ ಒಂದರಿಂದ ಎರಡು ಸ್ಟಾಪ್ ಕೂಡಿಸದಿದ್ದರೆ ಬರುವುದು ಕರಿ ನೆರಳು ಮಾತ್ರ. ನಾಮದ ಕೋಳಿಯ ಪಾಠ ಮುಂದೆ ಆನೆಗೂ ಕಾಟಿಗೂ ಬರುತ್ತದೆ, ಬೆಳ್ಳಕ್ಕಿಯದು ಹೆಜ್ಜಾರ್ಲೆಗೆ, ಹದ್ದಿನದು ಮಾರಾದ ರಣಹದ್ದಿಗೆ.

ಎರಡನೆಯದು ಶಟರ್ ವೇಗ. ಕೊಂಬೆಯ ಮೇಲೆ ಕೂತ ಹಕ್ಕಿಗೆ 1/500 ಸೆಕೆಂಡ್ ಸಾಕು. ನಡೆಯುವ ಪ್ರಾಣಿಗೂ ಅಷ್ಟೇ. ಹಾರುವ ದೊಡ್ಡ ಹಕ್ಕಿಗೆ 1/2000, ಕಳ್ಳಿಪೀರದಂಥ ಚುರುಕಿನದಕ್ಕೆ 1/3200 ಅಥವಾ ಇನ್ನೂ ಹೆಚ್ಚು. ಲೆನ್ಸಿನಲ್ಲಿರುವ ಸ್ಟೆಬಿಲೈಸರ್ ನಿಮ್ಮ ಕೈಯ ನಡುಕವನ್ನು ತಡೆಯುತ್ತದೆ. ಹಕ್ಕಿಯ ರೆಕ್ಕೆಯನ್ನು ತಡೆಯುವುದಿಲ್ಲ. ಇದು ಬಹಳ ಜನಕ್ಕೆ ಗೊಂದಲ. ಬಳಸಲು ಸುಲಭದ ಏರ್ಪಾಡು ಇದು: ಕ್ಯಾಮೆರಾವನ್ನು ಮ್ಯಾನುವಲ್‌ನಲ್ಲಿಟ್ಟು ಶಟರ್ ವೇಗ ಮತ್ತು ಅಪರ್ಚರ್ ನೀವು ಹಿಡಿದುಕೊಳ್ಳಿ, ಐಎಸ್‌ಒ ಮಾತ್ರ ಆಟೋಗೆ ಬಿಡಿ. ಐಎಸ್‌ಒ 6400 ಆಯಿತೆಂದು ಗಾಬರಿ ಬೇಡ. ಚಿತ್ರದ ಕಾಳುಕಾಳನ್ನು ಮನೆಯಲ್ಲಿ ಸಾಫ್ಟ್‌ವೇರ್ ಹದಮಾಡುತ್ತದೆ. ಅಲುಗಿದ ಚಿತ್ರವನ್ನು ಯಾರೂ ನೆಟ್ಟಗೆ ಮಾಡಲಾರರು.

ಮೂರನೆಯದು ಹಿಂಬಾಲಿಸುವುದು. ಹದ್ದಿಗೆ ಬೆಂಗಳೂರಿನಲ್ಲಿ ಬರವಿಲ್ಲ. ಫೋಕಸ್ಸನ್ನು ಕಂಟಿನ್ಯುಯಸ್‌ಗೆ ಇಟ್ಟು, ಝೂಮನ್ನು ಮೊದಲು ಅಗಲಕ್ಕೆ ಎಳೆದು ಹಕ್ಕಿಯನ್ನು ಹಿಡಿಯಿರಿ, ಆಮೇಲೆ ಹತ್ತಿರ ತಂದುಕೊಳ್ಳಿ. ನೇರವಾಗಿ 600 ಮಿಲಿಮೀಟರ್‌ನಲ್ಲಿ ಆಕಾಶ ಹುಡುಕಿದರೆ ಬರೀ ನೀಲಿ ಸಿಗುತ್ತದೆ. ಫೋಕಸ್ ಕೆಲಸವನ್ನು ಶಟರ್ ಗುಂಡಿಯಿಂದ ಬಿಡಿಸಿ ಹಿಂಬದಿಯ ಗುಂಡಿಗೆ, ಹೆಬ್ಬೆರಳಿಗೆ ಒಪ್ಪಿಸುವುದು ಒಳ್ಳೆಯ ಅಭ್ಯಾಸ. ಹೊಸ ಮಿರರ್‌ಲೆಸ್ ಕ್ಯಾಮೆರಾಗಳು ಹಕ್ಕಿಯ ಕಣ್ಣನ್ನು ತಾವೇ ಹುಡುಕುತ್ತವೆ, ನಿಜ. ಲಂಟಾನಾ ಪೊದೆಯ ಹಿಂದೆ ಹುಲಿ ನಿಂತಾಗ ಅವೂ ಎಲೆಯನ್ನೇ ಹಿಡಿದು ಕೂರುತ್ತವೆ. ಆಗ ಒಂದೇ ಚುಕ್ಕೆಯ ಫೋಕಸ್‌ಗೆ ಬದಲಾಯಿಸುವುದು ಬೆರಳಿಗೆ ಗೊತ್ತಿರಬೇಕು. ಕಣ್ಣು ವ್ಯೂಫೈಂಡರ್ ಬಿಡದೆ ಈ ಬದಲಾವಣೆಗಳನ್ನೆಲ್ಲ ಮಾಡಲು ಬಂದರೆ ಜ್ಞಾನಭಾರತಿಯ ಪಾಠ ಮುಗಿಯಿತು.

ಈಗ ಲೆನ್ಸ್

ಬಜೆಟ್ ಒಂದೇ ಲೆನ್ಸಿಗಿದ್ದರೆ 100–400 ಅಥವಾ 150–600, 200–600ರ ವರ್ಗದ ಝೂಮ್. ಸಿಗ್ಮಾ, ಟ್ಯಾಮ್ರಾನ್‌ಗಳ 150–600, ಸೋನಿ 200–600, ನಿಕಾನ್ 180–600, ಕ್ಯಾನನ್ 100–500 ಇವೆಲ್ಲ ಈ ಪೈಕಿಯವು, ಇದರಲ್ಲಿ ಯಾವುದನ್ನು ಕೊಂಡರೂ ಮೋಸವಿಲ್ಲ. ಸಣ್ಣ ಸೆನ್ಸರಿನ ಕ್ಯಾಮೆರಾದಲ್ಲಿ 400 ಮಿಲಿಮೀಟರ್ ಲೆನ್ಸು 600ರಷ್ಟು ಹತ್ತಿರದ ನೋಟ ಕೊಡುತ್ತದೆ, ಆದ್ದರಿಂದ ಫುಲ್ ಫ್ರೇಮ್ ಇಲ್ಲವೆಂಬ ಕೊರಗು ಬೇಡ. ನಿಕಾನ್ ಪಿ1000ದಂಥ ಸೂಪರ್‌ಝೂಮ್ ಕ್ಯಾಮೆರಾ ಹಗಲು ಬೆಳಕಿನಲ್ಲಿ ಹಕ್ಕಿ ಗುರುತಿಸಲು ಅದ್ಭುತ, ಸಂಜೆಯ ಕಾಡಿನಲ್ಲಿ ನಿಷ್ಪ್ರಯೋಜಕ. ಬಾಡಿಗೆಗೆ ತರುವವರು ಪ್ರವಾಸದ ಹಿಂದಿನ ದಿನ ತರಬೇಡಿ. ಒಂದು ವಾರಾಂತ್ಯ ಮೊದಲೇ ತಂದು ಕೆರೆಯ ಬಳಿ ಓಡಾಡಿಸಿ. ಫೋಕಸ್ ನಿಧಾನವೇ, ಗಾಜಿನೊಳಗೆ ಬೂಷ್ಟು ಇದೆಯೇ, ನಿಮ್ಮ ಭುಜ ಆ ತೂಕ ತಡೆಯುತ್ತದೆಯೇ ಎಲ್ಲ ಗೊತ್ತಾಗುತ್ತದೆ.

ಹೊಸಬರು ಲೆನ್ಸ್ ಉದ್ದವಾದಷ್ಟೂ ಒಳ್ಳೆಯದೆಂದುಕೊಳ್ಳುತ್ತಾರೆ. ನಾಗರಹೊಳೆಯ ದಾರಿಯಲ್ಲಿ ಆನೆ ಜೀಪಿನಿಂದ ಇಪ್ಪತ್ತು ಅಡಿಯಲ್ಲಿ ನಿಂತಾಗ 600 ಮಿಲಿಮೀಟರ್‌ನಲ್ಲಿ ಸಿಗುವುದು ಅದರ ಕೆನ್ನೆಯ ಸುಕ್ಕು. ಇನ್ನೊಂದು ಹಳೆಯ ಕ್ಯಾಮೆರಾ ಮನೆಯಲ್ಲಿದ್ದರೆ 70–200 ಅಥವಾ 24–105 ಹಾಕಿ ಜೊತೆಗಿಟ್ಟುಕೊಳ್ಳಿ. ಧೂಳಿನಲ್ಲಿ ಲೆನ್ಸ್ ಬದಲಿಸುವ ತಾಪತ್ರಯವೂ ತಪ್ಪುತ್ತದೆ.

ಮೈಸೂರು ರಸ್ತೆಯ ಎರಡು ನಿಲುಗಡೆ

ಹಾರುವ ಹಕ್ಕಿ ಕಲಿಯಲು ಕೊಕ್ಕರೆ ಬೆಳ್ಳೂರಿನಷ್ಟು ಸುಲಭದ ಜಾಗ ಇನ್ನೊಂದಿಲ್ಲ. ಮದ್ದೂರು ತಾಲ್ಲೂಕಿನ ಈ ಹಳ್ಳಿಯಲ್ಲಿ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಮನೆಗಳ ನಡುವಿನ ಹುಣಸೆ, ಅರಳಿ ಮರಗಳಲ್ಲೇ ಗೂಡು ಕಟ್ಟುತ್ತವೆ. 1976ರಲ್ಲಿ ಈ ಹಕ್ಕಿಗಳ ಊರನ್ನು ಹೊರಜಗತ್ತಿನ ಗಮನಕ್ಕೆ ತಂದವರು ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ, ಮುಂದೆ ಬೆಂಗಳೂರಿನ ಬೀದಿಗಳಿಗೆ ಲಕ್ಷಾಂತರ ಗಿಡ ನೆಡಿಸಿದವರೂ ಅವರೇ. 2007ರಿಂದ ಇದು ಸಮುದಾಯ ಮೀಸಲು ಪ್ರದೇಶ. ಚಳಿಗಾಲ ಕಳೆದು ಬೇಸಿಗೆ ಬರುವವರೆಗಿನ ತಿಂಗಳುಗಳು ಸರಿಯಾದ ಕಾಲ. ಹೆಜ್ಜಾರ್ಲೆ ದೊಡ್ಡದು, ನಿಧಾನಕ್ಕೆ ತಿರುಗಿ ಇಳಿಯುತ್ತದೆ, ಮತ್ತೆ ಮತ್ತೆ ಅದೇ ಮರಕ್ಕೆ ಬರುತ್ತದೆ. ಎಡವಿದರೆ ಇನ್ನೊಂದು ಹಕ್ಕಿ ಬರುತ್ತಲೇ ಇರುತ್ತದೆ. ಗಾಳಿಗೆ ಎದುರಾಗಿ ಇಳಿಯುವುದರಿಂದ, ಗಾಳಿ ನಿಮ್ಮ ಬೆನ್ನಿಗಿರುವ ಹಾಗೆ ನಿಂತರೆ ಹಕ್ಕಿ ಮುಖ ತೋರಿಸಿ ಇಳಿಯುತ್ತದೆ. ಬೆನ್ನ ಹಿಂದೆ ಬೆಳಗಿನ ಸೂರ್ಯನೂ ಇದ್ದರೆ ಇನ್ನೇನು ಬೇಕು.

ಊರಿನವರ ಮಹಡಿ ಹತ್ತುವ ಮುನ್ನ ಮನೆಯವರನ್ನು ಕೇಳಿ. ಅವರ ಹಿತ್ತಲು ನಮ್ಮ ಸ್ಟುಡಿಯೋ ಅಲ್ಲ. ಡ್ರೋನ್ ಹಾರಿಸಿ ಮರದ ಹಕ್ಕಿಗಳನ್ನೆಲ್ಲ ಎಬ್ಬಿಸುವವರಿಗಂತೂ ಊರಿನವರು ಸರಿಯಾಗಿಯೇ ಹೇಳುತ್ತಾರೆ.

ರಂಗನತಿಟ್ಟಿನ ಪಾಠ ಬೇರೆ. ಸಲೀಂ ಅಲಿಯವರ ಮಾತಿನ ಮೇಲೆ ಮೈಸೂರಿನ ಅರಸರು 1940ರಲ್ಲಿ ಪಕ್ಷಿಧಾಮ ಮಾಡಿದ ಜಾಗ, 2022ರಲ್ಲಿ ಕರ್ನಾಟಕದ ಮೊದಲ ರಾಮ್ಸರ್ ತಾಣವಾಯಿತು. ಇಲ್ಲಿ ನೀವು ದೋಣಿಯಲ್ಲಿರುತ್ತೀರಿ. ದೋಣಿ ತೂಗುತ್ತದೆ, ಹಕ್ಕಿ ಅಲುಗುತ್ತದೆ. ಕೂತ ಹಕ್ಕಿಗೂ 1/1000ಕ್ಕಿಂತ ಕೆಳಗಿಳಿಯಬೇಡಿ. ಟ್ರೈಪಾಡ್ ವ್ಯರ್ಥ. ಇದಕ್ಕೆ ಬದಲಾಗಿ ಸಿಗುವುದು ಎತ್ತರದ ಲಾಭ: ನೀರಿನ ಮಟ್ಟದಲ್ಲಿ ಬಂಡೆಯ ಮೇಲೆ ಬಾಯಿ ತೆರೆದು ಬಿಸಿಲು ಕಾಯುವ ಮೊಸಳೆಯ ಕಣ್ಣಿಗೆ ಕಣ್ಣಿಟ್ಟು ತೆಗೆಯಬಹುದು. ಎಲ್ಲರ ಜೊತೆ ಹೋಗುವ ದೋಣಿ ಬೇಗ ಸುತ್ತಿ ಬರುತ್ತದೆ. ಚಿತ್ರ ತೆಗೆಯುವವರಿಗೆ ಪ್ರತ್ಯೇಕ ದೋಣಿ ಬಾಡಿಗೆಗೆ ಸಿಗುತ್ತದೆ, ನಾಲ್ವರು ಹಂಚಿಕೊಂಡರೆ ಹೊರೆಯಲ್ಲ. ಅಂಬಿಗರ ಮಾತು ಕೇಳಿ. ಯಾವ ಬಂಡೆಯಲ್ಲಿ ರೀವ ಮೊಟ್ಟೆಯಿಟ್ಟಿದೆ, ಯಾವ ಕಡೆಯಿಂದ ಹೋದರೆ ಅದು ಏಳುವುದಿಲ್ಲ ಎಂಬುದು ಅವರಿಗೆ ಗೊತ್ತು. ಮಳೆಗಾಲದಲ್ಲಿ ಕೆಆರ್‌ಎಸ್‌ನಿಂದ ನೀರು ಬಿಟ್ಟರೆ ದೋಣಿ ನಿಲ್ಲುತ್ತದೆ, ಹೊರಡುವ ಮುಂಚೆ ಪತ್ರಿಕೆ ನೋಡಿ.

ಕಾಡಿನೊಳಗೆ

ಹುಣಸೂರಿನ ಕಡೆಯಿಂದ ನಾಗರಹೊಳೆಗೆ ಬಾಗಿಲು ವೀರನಹೊಸಹಳ್ಳಿ. ಎಚ್.ಡಿ. ಕೋಟೆ ಕಡೆಯಿಂದ ಅಂತರಸಂತೆ ದಾಟಿ ದಮ್ಮನಕಟ್ಟೆ, ಕೊಡಗಿನ ಕುಟ್ಟದ ಕಡೆಯಿಂದ ನಾಣಚ್ಚಿ. ಬಂಡೀಪುರದ ಸಫಾರಿ ಕೌಂಟರ್ ಮೇಲುಕಾಮನಹಳ್ಳಿಯಲ್ಲಿದೆ. ಸ್ವಂತ ಗಾಡಿ ಇಲ್ಲದವರು ದೀಪಾಂಜಲಿನಗರ ಮೆಟ್ರೊ ಪಕ್ಕದ ಸ್ಯಾಟಲೈಟ್ ನಿಲ್ದಾಣದಿಂದ ಬಸ್ಸು ಹಿಡಿಯಬಹುದು. ಹೊರಡುವ ಮೊದಲು ಸಫಾರಿ ನಡೆಯುತ್ತಿದೆಯೇ ಎಂದು ವಿಚಾರಿಸುವುದು ಕಡ್ಡಾಯ. ಕಾಡಂಚಿನ ಊರುಗಳಲ್ಲಿ ಹುಲಿ ದಾಳಿಗೆ ಜನ ಸತ್ತಾಗ, 2025ರ ನವೆಂಬರ್‌ನಲ್ಲಿ ಸರ್ಕಾರ ಬಂಡೀಪುರ, ನಾಗರಹೊಳೆಗಳ ಸಫಾರಿಯನ್ನೇ ನಿಲ್ಲಿಸಿತ್ತು. ಅಲ್ಲಿನವರ ಜೀವದ ಮುಂದೆ ನಮ್ಮ ಬುಕಿಂಗ್ ದೊಡ್ಡದಲ್ಲ. ದೊಡ್ಡ ಲೆನ್ಸಿಗೆ ಪ್ರತ್ಯೇಕ ಶುಲ್ಕವಿರುತ್ತದೆ, ದರ ಬದಲಾಗುತ್ತಿರುತ್ತದೆ, ಕೌಂಟರಿನಲ್ಲಿ ಕೇಳಿ ಕಟ್ಟಿ ರಸೀದಿ ಇಟ್ಟುಕೊಳ್ಳಿ.

ಬಸ್ಸಿನಂಥ ಕ್ಯಾಂಟರಿನಲ್ಲಿ ಕಿಟಕಿ ಪಕ್ಕ ಸಿಗದಿದ್ದರೆ ಆ ಸಫಾರಿಯನ್ನು ಕಣ್ಣಿನಿಂದ ನೋಡಿ ಖುಷಿಪಡಿ. ಪಕ್ಕದವರ ತಲೆಯ ಮೇಲಿಂದ ಲೆನ್ಸು ಚಾಚುವುದು ಜಗಳಕ್ಕೆ ದಾರಿ. ಜೀಪು ಸಿಕ್ಕರೆ ಒಳ್ಳೆಯದು. ಎಲ್ಲಿ ಕೂತರೂ ಎಂಜಿನ್ ಆಫ್ ಮಾಡಿಸಿದ ಮೇಲೆಯೇ ಲೆನ್ಸನ್ನು ಕಂಬಿಯ ಮೇಲಿಡಿ. ಎಂಜಿನ್ ನಡುಕ ಉದ್ದ ಲೆನ್ಸಿನಲ್ಲಿ ಪ್ರತಿ ಚಿತ್ರಕ್ಕೂ ಇಳಿಯುತ್ತದೆ. ಕಂಬಿಯ ಮೇಲಿಡಲು ಸಣ್ಣ ಬೀನ್ ಬ್ಯಾಗ್ ಬೇಕು. ಅಂಗಡಿಯದೇ ಆಗಬೇಕಿಲ್ಲ, ಗಟ್ಟಿ ಬಟ್ಟೆಯ ಚೀಲಕ್ಕೆ ಝಿಪ್ ಹೊಲಿಸಿ ಅಕ್ಕಿ ತುಂಬಿದರೆ ಆಯಿತು.

ಕಾಡಿನಲ್ಲಿ ಕಿವಿ ಮೊದಲು, ಕ್ಯಾಮೆರಾ ಆಮೇಲೆ. ಜಿಂಕೆಯ ಚೀರು, ಮುಸಿಯದ ಕೆಮ್ಮು, ಕಡವೆಯ ‘ಢಾಂಕ್’ ಈ ಮೂರನ್ನು ಡ್ರೈವರ್ ಹೇಗೆ ಆಲಿಸಿ ದಿಕ್ಕು ಹಿಡಿಯುತ್ತಾನೆಂದು ಗಮನಿಸಿ. ಜಿಂಕೆ ಸುಮ್ಮಸುಮ್ಮನೆಯೂ ಬೆಚ್ಚುತ್ತದೆ. ಕಡವೆ ಕೂಗಿದರೆ ಮಾತ್ರ ಶಟರ್ ವೇಗ ನೋಡಿಕೊಳ್ಳಿ. ಆ ಹೊತ್ತಿಗೆ ಕ್ಯಾಮೆರಾ 1/500ರಲ್ಲಿ, ಲೆನ್ಸ್ ಅತಿ ಅಗಲ ಅಪರ್ಚರಿನಲ್ಲಿ ಸಿದ್ಧವಿರಬೇಕು. ಬೆಳಕು ಇನ್ನೂ ಇಳಿದರೆ 1/250, ಅದಕ್ಕಿಂತ ಕೆಳಗೆ ಹೋಗುವುದು ಪ್ರಾಣಿ ನಿಂತಿದ್ದರೆ ಮಾತ್ರ. ಪ್ರಾಣಿಯ ಮುಖವನ್ನೇ ತುಂಬಿಸುವ ಹಟ ಬೇಡ. ಬೇಸಿಗೆಯಲ್ಲಿ ಕಬಿನಿಯ ಹಿನ್ನೀರು ಇಳಿದು ಹುಲ್ಲು ಬೆಳೆದಾಗ ಆನೆ ಹಿಂಡುಗಳು ದಂಡೆಗೆ ಬರುತ್ತವೆ. ಹಿಂಡು, ಹುಲ್ಲು, ನೀರು, ಒಣಗಿದ ಮರದ ಬೊಡ್ಡೆ ಎಲ್ಲ ಸೇರಿದರೇ ಅದು ಕಬಿನಿ. ಆನೆಯ ಮುಖ ಮಾತ್ರ ಬೇಕಿದ್ದರೆ ಮೃಗಾಲಯವೂ ಆದೀತು.

ಕಾಯುವುದರ ಬಗ್ಗೆ ಎಲ್ಲರೂ ಉಪದೇಶ ಮಾಡುತ್ತಾರೆ, ನಾನೊಂದು ಉದಾಹರಣೆ ಕೊಡುತ್ತೇನೆ. 2020ರಲ್ಲಿ ಜಗತ್ತಿನಾದ್ಯಂತ ಹರಿದಾಡಿದ ಕಬಿನಿಯ ಚಿತ್ರ ನೆನಪಿರಬಹುದು: ಮುಂದೆ ಚುಕ್ಕೆ ಚಿರತೆ, ಅದರ ಹಿಂದೆ ನೆರಳೋ ಎಂಬಂತೆ ಕರಿಚಿರತೆ. ಅದನ್ನು ತೆಗೆದ ಮಿಥುನ್ ಎಚ್. ಆ ಜೋಡಿ ಬಂದೇ ಬರುವುದೆಂದು ಒಂದೇ ಜಾಗದಲ್ಲಿ ಆರು ದಿನ ಕಾದಿದ್ದರು. ಅಲ್ಲೇ ಬರುತ್ತವೆಂದು ಅವರಿಗೆ ಗೊತ್ತಿದ್ದದ್ದು ಆ ಪ್ರಾಣಿಗಳನ್ನು ವರ್ಷಗಳಿಂದ ನೋಡಿದ್ದರಿಂದ. ಕೃಪಾಕರ–ಸೇನಾನಿ ಕೆನ್ನಾಯಿಗಳನ್ನು ಹಿಂಬಾಲಿಸಿದ್ದೂ ಹೀಗೆಯೇ, ವರ್ಷಗಟ್ಟಲೆ. ಅವರ ಸಾಕ್ಷ್ಯಚಿತ್ರ ‘ದಿ ಪ್ಯಾಕ್’ 2010ರಲ್ಲಿ ವೈಲ್ಡ್‌ಸ್ಕ್ರೀನ್‌ನ ಪ್ರಶಸ್ತಿ ಗೆದ್ದಿತು. ನಮಗೆ ವರ್ಷಗಳಿಲ್ಲ, ಎರಡು ಸಫಾರಿ ಇವೆ. ಹಾಗಾದರೂ ಹತ್ತು ಕಡೆ ಓಡಿಸೆಂದು ಡ್ರೈವರನ್ನು ಪೀಡಿಸುವುದಕ್ಕಿಂತ ಒಂದು ನೀರಿನ ಹೊಂಡದ ಬಳಿ ಎಂಜಿನ್ ಆರಿಸಿ ಕೂರುವವರಿಗೇ ಹೆಚ್ಚು ಸಿಗುತ್ತದೆ. ಹಿರಿಯ ವನ್ಯಜೀವಿ ಛಾಯಾಗ್ರಾಹಕ ಟಿ.ಎನ್.ಎ. ಪೆರುಮಾಳ್ ಅವರ ಕಾಲದಲ್ಲಿ ಒಂದು ರೋಲಿಗೆ ಮೂವತ್ತಾರೇ ಚಿತ್ರ, ಆದ್ದರಿಂದ ಒತ್ತುವ ಮೊದಲು ನೋಡುವುದು ಅನಿವಾರ್ಯವಾಗಿತ್ತು. ಈಗ ಒಂದು ಸೆಕೆಂಡಿಗೆ ಇಪ್ಪತ್ತು ಬರುತ್ತವೆ. ಜಿಂಕೆ ಮೇಯುವುದನ್ನು ಇಪ್ಪತ್ತರ ವೇಗದಲ್ಲಿ ತೆಗೆದು ಕಾರ್ಡು ತುಂಬಿಸಿ, ಹುಲಿ ಬಂದಾಗ ಕಾರ್ಡು ಬದಲಿಸುವವರು ಪ್ರತಿ ಜೀಪಿನಲ್ಲೂ ಒಬ್ಬರಿರುತ್ತಾರೆ.

ಹೆದ್ದಾರಿಯಲ್ಲಿ ಕಾರು ನಿಲ್ಲಿಸಿ ಆನೆ ತೆಗೆಯುವುದು ಅಪರಾಧ, ಅಪಾಯ ಎರಡೂ ಹೌದು. 2025ರ ಆಗಸ್ಟ್‌ನಲ್ಲಿ ಬಂಡೀಪುರದ ರಸ್ತೆಯಲ್ಲಿ ಆನೆಯ ಜೊತೆ ಸೆಲ್ಫಿಗೆ ಹೋಗಿ ತುಳಿತಕ್ಕೆ ಸಿಕ್ಕಿ ಬದುಕಿಬಂದವರಿಗೆ ಅರಣ್ಯ ಇಲಾಖೆ 25,000 ರೂಪಾಯಿ ದಂಡ ಹಾಕಿತು. ಹಾಗೆಯೇ, ಫೋನಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದು, ಗೂಡಿನ ಎದುರಿನ ಎಲೆ ಕಿತ್ತು ದಾರಿ ಮಾಡಿಕೊಳ್ಳುವುದು ಬೇಡ. ಗೂಡಿನ ಚಿತ್ರಗಳನ್ನು ಹಲವು ಹೆಸರುವಾಸಿ ಸ್ಪರ್ಧೆಗಳು ಈಗ ಮುಟ್ಟುವುದೂ ಇಲ್ಲ.

ಮಾರಾಕ್ಕೆ ನೇರ ತಾಲೀಮು ಬೇಕೆನ್ನುವವರಿಗೆ ಕಾಡಿಗಿಂತ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಲೇಸು. ಜಯಮಂಗಲಿ ಕೃಷ್ಣಮೃಗ ಮೀಸಲು ಪ್ರದೇಶ ಎಂಟುನೂರು ಎಕರೆಯಷ್ಟು ಹುಲ್ಲುಗಾವಲು. ಮುಂಜಾನೆ ಮಂಜಿನಲ್ಲಿ ನೆಗೆಯುವ ಕೃಷ್ಣಮೃಗಕ್ಕೆ 1/2000 ಒಮ್ಮೆ, ಆಮೇಲೆ ಅದೇ ಓಟವನ್ನು 1/40ರಲ್ಲಿ ಕ್ಯಾಮೆರಾ ಜೊತೆಗೇ ತಿರುಗಿಸುತ್ತಾ ತೆಗೆಯುವುದು ಇನ್ನೊಮ್ಮೆ. ಈ ಎರಡನೆಯದರಲ್ಲಿ ನೂರಕ್ಕೆ ತೊಂಬತ್ತು ಕೆಡುತ್ತವೆ, ಕೆಡಲಿ. ಬಿಸಿಲೇರಿದ ಮೇಲೆ ನೆಲದಿಂದೇಳುವ ಝಳ ದೂರದ ಚಿತ್ರಗಳನ್ನೆಲ್ಲ ಮಸುಕು ಮಾಡುವುದನ್ನೂ ಇಲ್ಲೇ ನೋಡಬಹುದು. ಅದು ಲೆನ್ಸಿನ ದೋಷವೆಂದು ಅಂಗಡಿಗೆ ಹೋಗಬೇಡಿ.

ಮಾರಾಕ್ಕೆ ಹೊರಡುವವರಿಗೆ

ವೈಲ್ಡ್‌ಬೀಸ್ಟ್‌ಗಳು ಮಾರಾ ನದಿ ದಾಟುವುದನ್ನು ನೋಡಲು ಎಲ್ಲರೂ ಜುಲೈನಿಂದ ಅಕ್ಟೋಬರ್ ನಡುವೆ ಹೋಗುತ್ತಾರೆ. ನದಿಯ ದಂಡೆಯಲ್ಲಿ ಡಜನ್‌ಗಟ್ಟಲೆ ಗಾಡಿಗಳ ಸಾಲು, ದಿನವಿಡೀ ಕಾದರೂ ಹಿಂಡು ದಾಟದೆ ಹಿಂದಿರುಗುವುದುಂಟು. ವಿದೇಶಿಯರಿಗೆ ಮಾರಾ ಪ್ರವೇಶ ಶುಲ್ಕ ಜನವರಿಯಿಂದ ಜೂನ್‌ವರೆಗೆ ದಿನಕ್ಕೆ 100 ಡಾಲರ್, ಜುಲೈನಿಂದ ಡಿಸೆಂಬರ್‌ವರೆಗೆ 200. ಮೊದಲ ಸಲ ಹೋಗುವ ಛಾಯಾಗ್ರಾಹಕರಿಗೆ ನನ್ನ ಮತ ಫೆಬ್ರವರಿಗೆ. ಮಾರಾದ ಸಿಂಹ, ಚೀತಾಗಳು ವರ್ಷವಿಡೀ ಅಲ್ಲೇ ಇರುತ್ತವೆ. ತಾಂಜಾನಿಯಾದ ಕಡೆ ಹೋಗುವವರಿಗೆ ಆಗ ಸೆರೆಂಗೆಟಿಯ ದಕ್ಷಿಣದ ನ್ಡುಟು ಬಯಲಿನಲ್ಲಿ ವೈಲ್ಡ್‌ಬೀಸ್ಟ್‌ಗಳು ಮರಿ ಹಾಕುವ ಕಾಲ, ಮರಿಗಳ ಹಿಂದೆ ಬೇಟೆಗಾರರು.

ಗಾಡಿಯ ವಿಷಯದಲ್ಲಿ ಜಿಪುಣತನ ಬೇಡ. ಹೋಟೆಲಿನ ಕೋಣೆಯಲ್ಲಿ ಬೇಕಾದರೆ ಮಾಡಿ. ಲ್ಯಾಂಡ್ ಕ್ರೂಸರಿನಲ್ಲಿ ಒಬ್ಬರಿಗೆ ಒಂದು ಸಾಲು ಸಿಗಬೇಕು. ಮೇಲೆ ತೆರೆಯುವ ಚಾವಣಿಯಿಂದ ತೆಗೆದ ಚಿತ್ರಗಳೆಲ್ಲ ಪ್ರಾಣಿಯನ್ನು ಕೀಳಾಗಿ ನೋಡಿದಂತೆ ಬರುತ್ತವೆ. ಕಿಟಕಿಯ ಮಟ್ಟದಿಂದ ತೆಗೆಯಿರಿ, ಸಿಂಹ ಸಿಂಹದಂತೆ ಕಾಣುತ್ತದೆ. ಬೀನ್ ಬ್ಯಾಗನ್ನು ಇಲ್ಲಿಂದ ಖಾಲಿ ಒಯ್ದು ಅಲ್ಲಿ ಅಕ್ಕಿಯೋ ಕಾಳೋ ತುಂಬಿಸಿಕೊಳ್ಳಿ. ಕಾರಣ ತೂಕ: ನೈರೋಬಿಯ ವಿಲ್ಸನ್ ನಿಲ್ದಾಣದಿಂದ ಮಾರಾಕ್ಕೆ ಹಾರುವ ಸಣ್ಣ ವಿಮಾನಗಳಲ್ಲಿ ಸಾಮಾನ್ಯವಾಗಿ ಎಲ್ಲ ಸೇರಿ 15 ಕಿಲೋಗಷ್ಟೇ ಅವಕಾಶ, ಅದೂ ಮೆತ್ತನೆಯ ಚೀಲದಲ್ಲಿ. ಗೈಡುಗಳ ವೈರ್‌ಲೆಸ್‌ನಲ್ಲಿ ‘ಸಿಂಬಾ’ ಎಂದರೆ ಸಿಂಹ, ‘ಚುಯಿ’ ಚಿರತೆ, ‘ಡುಮಾ’ ಚೀತಾ. ಇಷ್ಟು ಗೊತ್ತಿದ್ದರೆ ಗಾಡಿ ತಿರುಗುವ ಮೊದಲೇ ಕೈ ಸಿದ್ಧವಾಗಿರುತ್ತದೆ.

ಹಕ್ಕಿಗಳನ್ನು ಮರೆಯಬೇಡಿ. ನಮ್ಮ ನೀಲಕಂಠದ ಬಳಗದ ನೇರಳೆ ಎದೆಯ ರೋಲರ್ ಮಾರಾದ ಮುಳ್ಳುಕಂಟಿಯ ತುದಿಯಲ್ಲಿ ಕೂತಿರುತ್ತದೆ, ಜೀಪಿಗೆ ಹೆದರುವುದಿಲ್ಲ, ಹಾರುವ ಮೊದಲು ಒಮ್ಮೆ ಮೈ ಬಾಗಿಸುತ್ತದೆ. ಆ ಬಾಗು ಕಂಡೊಡನೆ ಒತ್ತಿ. ಫ್ಲೆಮಿಂಗೋಗಾಗಿ ಹೋಗುವವರು ನಕೂರು ಸರೋವರವೊಂದನ್ನೇ ನಂಬಬೇಡಿ. ನೀರು ಏರಿದ ಮೇಲೆ ಅಲ್ಲಿ ಅವು ಕಡಿಮೆಯಾಗಿವೆ, ಬೊಗೋರಿಯಾದಲ್ಲಿ ಕಾಣುವ ಸಂಭವ ಹೆಚ್ಚು.

ಇನ್ನು ಕಾಗದಪತ್ರ ಮತ್ತು ಗಂಟುಮೂಟೆ. ಹಳದಿ ಜ್ವರದ ಲಸಿಕೆಯನ್ನು ಪ್ರಯಾಣಕ್ಕೆ ಕನಿಷ್ಠ ಹತ್ತು ದಿನ ಮೊದಲು, ಸರ್ಕಾರದ ಮಾನ್ಯತೆ ಇರುವ ಕೇಂದ್ರದಲ್ಲೇ ಹಾಕಿಸಿಕೊಳ್ಳಿ. ಕಾರ್ಡು ಜೀವಮಾನಕ್ಕೆ ಸಾಕು. ಅದಿಲ್ಲದೆ ಕೆನ್ಯಾದಿಂದ ಹಿಂದಿರುಗಿದರೆ ಇಲ್ಲಿನ ವಿಮಾನ ನಿಲ್ದಾಣದಲ್ಲಿಯೇ ಪ್ರತ್ಯೇಕವಾಗಿ ಇರಿಸುತ್ತಾರೆ. ಮಲೇರಿಯಾ ಮಾತ್ರೆ ಬಗ್ಗೆ ನಿಮ್ಮ ವೈದ್ಯರನ್ನು ಕೇಳಿ. ಕೆನ್ಯಾಕ್ಕೆ 2024ರಿಂದ ವೀಸಾ ಬದಲು ಆನ್‌ಲೈನ್ ಇಟಿಎ ಅನುಮತಿ. ದುಬಾರಿ ಕ್ಯಾಮೆರಾ, ಲೆನ್ಸುಗಳ ಕ್ರಮಸಂಖ್ಯೆ ತೋರಿಸಿ ಹೊರಡುವಾಗಲೇ ಕಸ್ಟಮ್ಸ್‌ನಿಂದ ರಫ್ತು ಪ್ರಮಾಣಪತ್ರ ಮಾಡಿಸಿಕೊಂಡರೆ ಬರುವಾಗ ಸುಂಕದ ತಕರಾರು ಇರುವುದಿಲ್ಲ. ಬ್ಯಾಟರಿ, ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು. ಕೆನ್ಯಾದ ಪ್ಲಗ್ಗು ಬ್ರಿಟಿಷ್ ಮಾದರಿಯ ಚಪ್ಪಟೆ ಮೂರು ಪಿನ್ನಿನದು, ಅಡಾಪ್ಟರ್ ಇಲ್ಲಿಂದಲೇ ಒಯ್ಯಿರಿ. 2017ರಿಂದ ಅಲ್ಲಿ ಪ್ಲಾಸ್ಟಿಕ್ ಕೈಚೀಲಗಳು ನಿಷಿದ್ಧ, ಆದ್ದರಿಂದ ಚಟ್ನಿಪುಡಿ, ಚಕ್ಕುಲಿಗಳನ್ನು ಡಬ್ಬಿಗೆ ಹಾಕಿ. ಲೆನ್ಸಿಗೆ ಪ್ಲಾಸ್ಟಿಕ್ ಕವರ್ ಸುತ್ತುವ ನಮ್ಮ ಉಪಾಯವೂ ಬೇಡ, ದಿಂಬಿನ ಚೀಲ ಸಾಕು. ಸೇನೆಯವರಂತೆ ಕಾಣುವ ಮಚ್ಚೆಮಚ್ಚೆ ಬಟ್ಟೆ ಆಫ್ರಿಕಾದ ಹಲವು ದೇಶಗಳಲ್ಲಿ ತೊಂದರೆ ತರುತ್ತದೆ. ನೀಲಿ, ಕಪ್ಪು ಬಟ್ಟೆಗೆ ತ್ಸೆತ್ಸೆ ನೊಣ ಮುತ್ತುತ್ತದೆ. ಮಣ್ಣಿನ ಬಣ್ಣದ್ದು ತೊಡಿ, ಸ್ವೆಟರ್ ಮರೆಯಬೇಡಿ. ಸಮಭಾಜಕದ ಹತ್ತಿರವೆಂದು ಸೆಕೆ ಅಂದುಕೊಂಡವರು ಬೆಳಗಿನ ಜೀಪಿನಲ್ಲಿ ನಡುಗುತ್ತಾರೆ, ಮಾರಾ ನಮ್ಮ ಬೆಂಗಳೂರಿಗಿಂತ ಎತ್ತರದಲ್ಲಿದೆ.

ಚಿತ್ರಗಳನ್ನು ಪ್ರತಿ ರಾತ್ರಿ ಎರಡು ಕಡೆ ನಕಲು ಮಾಡಿ, ಆ ಎರಡನ್ನೂ ಒಂದೇ ಚೀಲದಲ್ಲಿ ಇಡಬೇಡಿ. ಕಾರ್ಡುಗಳನ್ನು ಮನೆಗೆ ಬರುವವರೆಗೂ ಅಳಿಸಬೇಡಿ. ಬಂದ ಮೇಲೆ ಆರಿಸುವಾಗ ಒಂದು ಘಟನೆಗೆ ಒಂದೇ ಚಿತ್ರವೆಂದು ಹಟ ಹಿಡಿಯಿರಿ. ಆರಿಸಲು ಬರುವುದಿಲ್ಲವೆಂದರೆ 1971ರಿಂದ ಬೆಂಗಳೂರಿನಲ್ಲಿ ನಡೆದುಬಂದಿರುವ ಯೂತ್ ಫೋಟೋಗ್ರಾಫಿಕ್ ಸೊಸೈಟಿಯಂಥ ಕಡೆ ಅನುಭವಿಗಳ ಮುಂದೆ ಇಟ್ಟು ಬೈಸಿಕೊಳ್ಳಬಹುದು. ಹಕ್ಕಿಗಳ ಚಿತ್ರಗಳನ್ನು ದಿನಾಂಕ, ಸ್ಥಳದ ಸಮೇತ ಇ-ಬರ್ಡ್‌ಗೆ ಸೇರಿಸಿ, ಮಲ್ಲತ್ತಹಳ್ಳಿ ಕೆರೆಯ ನಾಮದ ಕೋಳಿಯೂ ಸೇರಿ. ಹುಲಿ, ಚಿರತೆಯ ಚಿತ್ರ ಹಾಕುವಾಗ ಮಾತ್ರ ಯಾವ ರಸ್ತೆ, ಯಾವ ಹೊಂಡ ಎಂಬುದನ್ನು ಬರೆಯದೆ, ಫೋನಿನ ಲೊಕೇಶನ್ನನ್ನೂ ತೆಗೆದುಹಾಕಿ.